ಅನ್ನವ್ವನ ಶಾಮಿಯಾನಕ್ಕೆ ಬಂದ ಪಾತರಗಿತ್ತಿಗಳು

ಆಡೂರಿನ ಅನ್ನವ್ವ ಪೆಂಡಾಲು ಹಾಕುವ ಹೆಂಗಸು. ಅಂಗಡಿಯ ಫಲಕದ ಮೇಲೆ ಇರುವುದು ಗಂಡ ಮಾರೆಪ್ಪನ ಹೆಸರು. ಆದರೆ ಮಾರೆಪ್ಪನಿಗೆ ನಿಚ್ಚಣಿಕೆಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ತಲೆ ತಿರುಗುತ್ತದೆ. ಹೀಗಾಗಿ ನಿಚ್ಚಣಿಕೆ ಹಿಡಿದು ನಿಲ್ಲುವುದು ಅವನ ಕೆಲಸ, ಕಚ್ಚೆ ಹಾಕಿ ಮೇಲೇರಿ ಹಗ್ಗ ಬಿಗಿಯುವುದು ಅವಳ ಕೆಲಸ. ಮೊದಮೊದಲು ಇದನ್ನು ನೋಡಲೆಂದೇ ಜನ ಸೇರುತ್ತಿದ್ದರು. "ಬಾಯಿ ತಗದ ನೋಡಿದ್ರ ಪೆಂಡಾಲ ನಿಂದ್ರೂದಿಲ್ಲ, ಆ ಬೊಂಬು ಒಂದೀಟು ಎತ್ತಿ ಕೊಡ್ರಿ" ಎಂದು ಅವರಿಗೂ ಕೆಲಸ ಹಚ್ಚುತ್ತಿದ್ದಳು.

ಈ ಉದ್ಯೋಗ ಶುರುವಾದದ್ದು ಒಂದು ಬುದ್ಧ ಪೂರ್ಣಿಮೆಯ ದಿನ. ಓಣಿಯಲ್ಲಿ ಕಾರ್ಯಕ್ರಮ, ನೆತ್ತಿ ಸುಡುವ ಬಿಸಿಲು, ಬರುತ್ತೇನೆಂದಿದ್ದ ಪೆಂಡಾಲಿನ ಬಾಡಿಗೆಯವನು ಬರಲಿಲ್ಲ. ತಡಸದ ತವರಿನಲ್ಲಿ ಹೊಲಿಗೆ ಕಲಿತಿದ್ದ ಅನ್ನವ್ವ ಗೊಬ್ಬರದ ಚೀಲಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಹೊಲಿದು ಇಡೀ ಓಣಿಗೆ ನೆರಳು ಮಾಡಿಕೊಟ್ಟಳು. ಮರುವಾರವೇ ಬೇರೆ ಓಣಿಯವರು ಕೇಳಿಕೊಂಡು ಬಂದರು. ಈಗ ಊರಾಚೆ ಅವಳದೊಂದು ಪತ್ರಾಸ್ ತಗಡಿನ ಶೆಡ್ಡು, ಅದರಲ್ಲಿ ಹಸಿರು, ಹಳದಿ, ಕೆಂಪು ಶಾಮಿಯಾನಗಳು. ಕೆಂಪಿನ ಮೇಲೆ ಅವಳಿಗೆ ಹೆಚ್ಚು ಪ್ರೀತಿ. ಅದರ ಝಾಲರಿಯನ್ನು ತಾನೇ ಹೊಲಿದಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ, ಮಳೆಗಾಲದ ಮುಗ್ಗು ಹೋಗಲೆಂದು ಕೆಂಪು ಶಾಮಿಯಾನವನ್ನು ಬೇಲಿಯ ಮೇಲೆ ಹರವಿದ್ದಳು. ಬೆಳಿಗ್ಗೆ ಚಳಿ ಹಿಡಿಯಲು ಶುರುವಾಗಿತ್ತು. ಚಹಾದ ಬಟ್ಟಲು ಹಿಡಿದು ಹೊರಗೆ ಬಂದವಳಿಗೆ ಬಟ್ಟೆಯ ತುಂಬ ಕಪ್ಪು ಕಲೆ ಕಂಡಿತು. ಹತ್ತಿರ ಹೋದರೆ ಕಲೆಯಲ್ಲ, ಚಿಟ್ಟೆಗಳು. ಅಂಚಿಗೆ ಬಿಳಿ ಚುಕ್ಕೆಯಿದ್ದ ಕಪ್ಪು ರೆಕ್ಕೆಗಳನ್ನು ಅಗಲಿಸಿಕೊಂಡು ಸೂರ್ಯನಿಗೆ ಬೆನ್ನೊಡ್ಡಿ ಕುಳಿತಿದ್ದವು.

"ಏನ್ರಿ, ಬರ್ರಿ ಇಲ್ಲಿ! ನಮ್ಮ ಶಾಮಿಯಾನದ ಮ್ಯಾಲ ಪಾತರಗಿತ್ತಿ ಬಿಸಿಲ ಕಾಯಾಕತ್ತಾವ."

ಮಾರೆಪ್ಪ ದೂರದಿಂದಲೇ ನೋಡಿದ. "ಅರಬಿ ಕಡದು ತೂತು ಮಾಡ್ತಾವೇನ?"

"ಹೂವಿನ ರಸ ಕುಡಿಯೂ ಜೀವ ಅವು. ನಿಮ್ಮ ಅರಬಿ ತಿಂದು ಏನ್ ಮಾಡ್ತಾವ?"

ಮೈ ಬೆಚ್ಚಗಾದ ಮೇಲೆ ಅವು ಬೇಲಿಯ ಹೂವಿಗೆ ಹಾರಿದವು. ಸಂಜೆ ಶಾಮಿಯಾನ ಒಳಗಿಟ್ಟಾಗ ಪತ್ರಾಸಿನ ಸಂದಿನಿಂದ ಒಂದೆರಡು ಒಳಗೆ ತೂರಿದ್ದನ್ನು ಅನ್ನವ್ವ ಕಂಡಳು, ತಲೆಗೆ ಹಚ್ಚಿಕೊಳ್ಳಲಿಲ್ಲ.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಮೊದಲನೆಯದೇ ಹುಲಗೂರಿನ ಫರ್ಹತಳ ಮಗಳು ನುಜಹತಳ ನಿಕಾಹ್. ನಸುಕಿನಲ್ಲೇ ಕೆಂಪು ಶಾಮಿಯಾನವನ್ನು ಟಂಟಂ ಗಾಡಿಗೆ ಹೇರಿಕೊಂಡು ಹೋಗಿ ಮನೆಯ ಮುಂದೆ ಕಟ್ಟಿದರು. ಜನ ಸೇರುವ ಹೊತ್ತಿಗೆ ಬಿಸಿಲು ಬಟ್ಟೆಯ ಮೇಲೆ ಬಿತ್ತು. ಝಾಲರಿಯ ಮಡಿಕೆಗಳೊಳಗೆ ಏನೋ ಅಲ್ಲಾಡಿತು. ಒಂದೊಂದಾಗಿ ಚಿಟ್ಟೆಗಳು ಹೊರಬಂದು ರೆಕ್ಕೆ ಅಗಲಿಸಿ ಕುಳಿತವು.

ಫರ್ಹತ ಓಡಿಬಂದಳು. "ಅನ್ನವ್ವಕ್ಕಾ, ಅರಬಿ ಝಾಡಿಸಿ ತರಬಾರದೇನ? ಬೀಗರು ಬರೂ ಹೊತ್ತಿಗೆ ಹುಳ!"

ನಿಚ್ಚಣಿಕೆಯ ಮೇಲಿದ್ದ ಅನ್ನವ್ವ ಝಾಲರಿ ಝಾಡಿಸಲು ಕೈ ಚಾಚಿದಳು. ಅಷ್ಟರಲ್ಲಿ ಒಳಗಿನ ಕಿಟಕಿಯಿಂದ ನುಜಹತ ಕೂಗಿದಳು: "ಅಮ್ಮೀ, ಓಡಸ್ಬ್ಯಾಡ! ಇರ್ಲಿ ಬಿಡು!"

ಹಾಗೇ ಇದ್ದವು. ಕಾವೇರಿದಂತೆ ಎದ್ದು ಜನರ ತಲೆಯ ಮೇಲೆ ಸುಳಿದಾಡಿದವು. ಒಂದು ಬಂದು ಮದುಮಗನ ಮುಖದ ಮುಂದೆ ಇಳಿಬಿಟ್ಟಿದ್ದ ಹೂವಿನ ಸೆಹ್ರಾ ಮೇಲೆಯೇ ಕುಳಿತಿತು. ಅದು ಹಾರಿಹೋದೀತೆಂದು ಅವನು ಕತ್ತು ಅಲ್ಲಾಡಿಸಲಿಲ್ಲ, ಒಪ್ಪಿಗೆ ಕೇಳಿದಾಗ "ಕುಬೂಲ್ ಹೈ" ಎಂದದ್ದೂ ಪಿಸುದನಿಯಲ್ಲಿ. ಹಿರಿಯರು ಕೇಳಿಸಲಿಲ್ಲವೆಂದು ಮತ್ತೆ ಕೇಳಿದರು. ಅವನು ಮತ್ತೂ ಮೆಲ್ಲಗೆ ಹೇಳಿದ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಫರ್ಹತಳೂ ನಕ್ಕು ಕಣ್ಣೊರೆಸಿಕೊಂಡು, ಅನ್ನವ್ವನ ಡಬ್ಬಿಗೆ ಬಿರ್ಯಾನಿ ತುಂಬಿ ಕೊಟ್ಟಳು.

ಅನ್ನವ್ವ ಊರಿಗೆ ಬಂದವಳೇ ಶೆಡ್ಡಿನೊಳಗೆ ಬ್ಯಾಟರಿ ಬಿಟ್ಟು ನೋಡಿದಳು. ಮೇಲಿನ ಹಗ್ಗಕ್ಕೂ ಹಸಿರು ಶಾಮಿಯಾನದ ಮಡಿಕೆಗೂ ನೂರಾರು ಚಿಟ್ಟೆಗಳು ರೆಕ್ಕೆ ಮುಚ್ಚಿ, ಒಣಗಿದ ಎಲೆಗಳ ಹಾಗೆ ಜೋತುಬಿದ್ದಿದ್ದವು. ಸತ್ತಿವೆಯೇನೋ ಎಂದು ಮೆಲ್ಲಗೆ ಊದಿದಳು. ಒಂದು ಕಾಲು ಆಡಿಸಿತು. ಅವಳು ಬ್ಯಾಟರಿ ಆರಿಸಿದಳು. ಈ ಚಳಿ ಮುಗಿಯುವವರೆಗೆ ಹಸಿರು ಶಾಮಿಯಾನ ಬಾಡಿಗೆಗಿಲ್ಲ ಎಂದು ಅಲ್ಲೇ ನಿಶ್ಚಯವಾಯಿತು. ಹುಲಗೂರಿನಲ್ಲಿ ಉಳಿದವುಗಳ ಚಿಂತೆ ಹತ್ತಿ ಫೋನು ಮಾಡಿದರೆ, ತಮ್ಮ ಹಿತ್ತಲ ಪೇರಲ ಗಿಡದಲ್ಲಿ ಆರಾಮ ಇವೆ ಎಂದಳು ಫರ್ಹತ.

ನಿಕಾಹದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಒಂದು ದಿನ ಸವಣೂರಿನ ವ್ಯಾಪಾರಸ್ಥ ಬಸವಣ್ಣೆಪ್ಪ ಕಾರಿನಲ್ಲಿ ಬಂದಿಳಿದರು. "ಅನ್ನವ್ವಾ, ನಮ್ಮ ಶೀಲಾನ ಮದವಿಗೂ ಆ ಪಾತರಗಿತ್ತಿ ಬೇಕು. ರೊಕ್ಕ ಎಷ್ಟರ ಆಗ್ಲಿ."

"ಯಜಮಾನ್ರ, ಕುರ್ಚಿ ಹೇಳ್ರಿ, ಕಡಾಯಿ ಹೇಳ್ರಿ, ತರ್ತೇನಿ. ಅವು ಮಲಗ್ಯಾವ. ಮಲಗಿದವ್ರನ್ನ ಎಬ್ಬಿಸಿ ಮದವಿಗೆ ಒಯ್ಯಾಕ ಆಗೂದಿಲ್ರಿ."

ಬಸವಣ್ಣೆಪ್ಪ ಮುಖ ಸಪ್ಪಗೆ ಮಾಡಿಕೊಂಡು ಹೋದರು. ದೊಡ್ಡ ಗಿರಾಕಿ ಕೈತಪ್ಪಿತೆಂದು ಮಾರೆಪ್ಪ ದಿನವಿಡೀ ಗೊಣಗಿದ. ಸಂಜೆ ಹೆಂಡತಿ ನೀರಿಗೆ ಹೋದದ್ದನ್ನು ನೋಡಿ, ಚಿಟ್ಟೆ ಹಿಡಿಯಲೆಂದು ಸೊಳ್ಳೆ ಪರದೆಯೊಂದಿಗೆ ಶೆಡ್ಡಿನೊಳಗೆ ನಿಚ್ಚಣಿಕೆ ಹತ್ತಿಯೇಬಿಟ್ಟ. ಆಸೆಯ ಭರದಲ್ಲಿ ತುದಿಗೆ ಹೋದಮೇಲೆ ಕೆಳಗೆ ನೋಡಿದ. ಅನ್ನವ್ವ ಬಂದಾಗ ಅವನು ಪರದೆ ಬಿಟ್ಟು ತೊಲೆಯನ್ನು ಅಪ್ಪಿಕೊಂಡಿದ್ದ.

"ಹಿಡದ್ರೇನ?"

"ಈ ತೊಲಿ ಒಂದ ಹಿಡದೇನಿ. ಇಳಸ ನನ್ನ!"

"ಕಣ್ಣ ಮುಚ್ಚಿ ಒಂದೊಂದ ಕಾಲ ಕೆಳಗ ಇಡ್ರಿ. ಸದ್ದು ಮಾಡಬ್ಯಾಡ್ರಿ, ಎದ್ದಾವು."

ಇಳಿದ ಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕುಳಿತು ಉಸಿರು ಕಟ್ಟುವಷ್ಟು ನಕ್ಕರು.

ಮರುವಾರ ಶೀಲಾ ತಾನೇ ಸ್ಕೂಟಿ ಹೊಡೆದುಕೊಂಡು ಬಂದಳು. ಬೆಳಗಿನ ಬಿಸಿಲು ಬಾಗಿಲಿನಿಂದ ಒಳಕ್ಕೆ ಚಾಚಿತ್ತು. ಕೆಲವು ಚಿಟ್ಟೆಗಳು ಇಳಿದು ಬಂದು ಕೆಂಪು ಬಟ್ಟೆಯ ಮೇಲೆ ರೆಕ್ಕೆ ಬಿಚ್ಚಿದ್ದವು. ಅನ್ನವ್ವ ಕೊಟ್ಟ ಗಿರಮಿಟ್ಟು ತಿನ್ನುತ್ತ ಶೀಲಾ ಬಹಳ ಹೊತ್ತು ನೋಡಿದಳು.

"ನಮ್ಮ ಅಪ್ಪಾಗ ನಾ ಹೇಳ್ತೇನಿ ಬಿಡ್ರಿ. ಆದ್ರ ಆ ಕೆಂಪು ಶಾಮಿಯಾನಾನ ಬೇಕು ನನಗ."

"ಇವು ಒಂದೀಟು ಬಿಸಿಲ ಕಾಸ್ಕೊಂಡು ಏಳ್ಲಿ ಅವ್ವಾ. ಝಾಡಿಸಿ ತರ್ತೇನಿ."

ಸವಣೂರಿನ ಮದುವೆ ಚೆನ್ನಾಗಿ ನಡೆಯಿತು. ಒಂದಾದರೂ ಚಿಟ್ಟೆ ಕಂಡೀತೇ ಎಂದು ಬಸವಣ್ಣೆಪ್ಪ ಆಗಾಗ ತಲೆಯೆತ್ತಿ ಝಾಲರಿಯ ಕಡೆ ನೋಡುತ್ತಲೇ ಇದ್ದರು. ಊಟದ ಹೊತ್ತಿಗೆ ಅನ್ನವ್ವನನ್ನೂ ಮಾರೆಪ್ಪನನ್ನೂ ಪಂಕ್ತಿಯಲ್ಲಿ ಕೂರಿಸಿ, ತಾವೇ ಹೋಳಿಗೆ ಬಡಿಸಿ ತುಪ್ಪ ಹಾಕಿದರು.

ಶಿವರಾತ್ರಿಯ ಸುಮಾರಿಗೆ ಸೆಕೆ ಶುರುವಾದಾಗ ಚಿಟ್ಟೆಗಳು ಹಾರಿಹೋಗಿ ಶೆಡ್ಡು ಬರಿದಾಗಿತ್ತು. ಅನ್ನವ್ವ ಹಸಿರು ಶಾಮಿಯಾನ ಝಾಡಿಸಿದಳು. ಚಳಿ ತಡೆಯದೆ ಸತ್ತಿದ್ದ ಕೆಲವನ್ನು ಗುಡಿಸಿ ಬೇಲಿಯ ಬುಡಕ್ಕೆ ಹಾಕಿದಳು. ಹಿರೇಕೆರೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹಸಿರು ಶಾಮಿಯಾನ ಹೋಗಬೇಕಿತ್ತು. ಮಾರೆಪ್ಪ ಟಂಟಂ ತಂದು ನಿಲ್ಲಿಸಿ, ಬೊಂಬು ಹೇರತೊಡಗಿದ.