ಮಾವನ ಹಿತ್ತಲಿನ ಜ್ವಾಲಾಮುಖಿ

ನಾನು ಇನ್ನೂ ಚಿಕ್ಕವನಿದ್ದಾಗಲೇ ವಾದಕ್ಕೆ ನಿಂತರೆ ದೊಡ್ಡವರನ್ನೂ ಬಿಡುತ್ತಿರಲಿಲ್ಲ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ಫ್ಲ್ಯಾಟು. ಶಾಲೆಯ ಚರ್ಚಾ ತಂಡದಲ್ಲಿ ನಾನೇ ಎಲ್ಲರಿಗಿಂತ ಕಿರಿಯ. ನಾಳೆ ಸೆಕೆ ಜಾಸ್ತಿ ಎಂದು ಅಪ್ಪ ಹೇಳಿದರೂ ಅದು ಹೇಗೆ ಗೊತ್ತು ಎಂದು ಕೇಳುತ್ತಿದ್ದೆ.

ಅಂಥವನು ಒಂದು ದಿನ ಭೂಗೋಳದ ತರಗತಿಯಲ್ಲಿ ಎದ್ದು ನಿಂತು, ಅಬುಧಾಬಿಯಲ್ಲಿ ಉರಿಯುವ ಜ್ವಾಲಾಮುಖಿ ಇದೆ ಎಂದುಬಿಟ್ಟೆ. ಅಬುಧಾಬಿಯಾಚೆಯ ಮರುಭೂಮಿಯಲ್ಲಿ, ಎಣ್ಣೆ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದ ಮಾವ ನಮಗೊಂದು ಫೋಟೊ ಕಳಿಸಿದ್ದರು. ಕಪ್ಪು ಗುಡ್ಡ, ಅದರ ನೆತ್ತಿಯಲ್ಲಿ ಕೆಂಪು ಬೆಂಕಿ. ‘ನಮ್ಮ ಹಿತ್ತಲಿನ ಜ್ವಾಲಾಮುಖಿ’ ಎಂದು ಹಿಂಬದಿಯಲ್ಲಿ ಬರೆದಿದ್ದರು. ಎಲ್ಲರನ್ನೂ ಪ್ರಶ್ನಿಸುವ ನಾನು ಅದನ್ನು ಮಾತ್ರ ಪ್ರಶ್ನಿಸಲಿಲ್ಲ. ಈಗ ತೋರಿಸೋಣವೆಂದರೆ, ಅಪ್ಪ ಅದನ್ನು ಊರಿಗೆ ಅಜ್ಜಿಗೆ ಕಳಿಸಿಯಾಗಿತ್ತು.

ತರಗತಿ ನಕ್ಕಿತು. ಚರ್ಚಾ ತಂಡವನ್ನೂ ನೋಡಿಕೊಳ್ಳುತ್ತಿದ್ದ ಮಿಸ್ ನಗಲಿಲ್ಲ. ಶನಿವಾರ ಪುರಾವೆ ತಾ, ಇಲ್ಲದಿದ್ದರೆ ತಂಡದಲ್ಲಿ ನಿನ್ನ ಜಾಗ ಬೇರೆಯವರಿಗೆ ಎಂದರು. ದೊಡ್ಡ ಸ್ಪರ್ಧೆ ಮುಂದಿನ ವಾರವೇ ಇತ್ತು.

ಆಗ ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಅಪ್ಪನನ್ನು ಕಾಡಿ ಕಾಡಿ ಮಾವನಲ್ಲಿಗೆ ಹೊರಡಿಸಿದೆ. ಕಾರಿನ ಎ.ಸಿ. ಮುಂದಿನ ಸೀಟಿನವರಿಗೆ ಮಾತ್ರ. ಹಿಂದೆ ರೆಕ್ಸಿನ್ ತೊಡೆಗೆ ಅಂಟುತ್ತಿತ್ತು. ಎರಡೂ ಕಡೆ ಮರಳು, ನಡುವೆ ಮುಗಿಯದ ದಾರಿ. ಬಂತಾ ಬಂತಾ ಎಂದು ಕೇಳಿ ಕೇಳಿ ಅಕ್ಕನಿಂದ ಚಿವುಟಿಸಿಕೊಂಡೆ. ಮುಸ್ಸಂಜೆಗೆ ತಲುಪಿದ್ದೇ ಚಪ್ಪಲಿಯನ್ನೂ ಕಳಚದೆ ಹಿಂದಿನ ಕಿಟಕಿಗೆ ಓಡಿದೆ. ಗುಡ್ಡ ಅಲ್ಲೇ ಇತ್ತು. ಬೆಂಕಿಯೂ ಇತ್ತು. ಕಿಟಕಿಯ ಗಾಜು ಬೆರಳಿಗೆ ಸಣ್ಣಗೆ ನಡುಗಿದಂತೆ ತಾಗುತ್ತಿತ್ತು. ಅಪ್ಪನ ಕ್ಯಾಮೆರಾದಲ್ಲಿ ಮೂರು ಫೋಟೊ ತೆಗೆದೆ.

ಬೆಳಿಗ್ಗೆ ಮಾವ ಯಲ್ಲಾ, ಹೊರಡಿ ಎನ್ನುತ್ತ ನಮ್ಮನ್ನು ಪಿಕಪ್ ಹತ್ತಿಸಿದರು. ಗುಡ್ಡವೆಂದರೆ ಬರೀ ಮರಳಿನ ದಿಬ್ಬ. ಅದನ್ನು ಬಳಸಿ ಆಚೆ ಹೋದರೆ ತಂತಿ ಬೇಲಿ. ಬೇಲಿಯೊಳಗೆ, ದೂರದಲ್ಲಿ, ಆಕಾಶಕ್ಕೆ ನಿಂತ ಕಬ್ಬಿಣದ ಪೈಪು. ಬೆಂಕಿ ಬರುತ್ತಿದ್ದುದು ಅದರ ಬಾಯಿಂದ. ಲಾರಿಯ ಟಾರ್ಪಾಲು ಗಾಳಿಗೆ ಬಡಿದುಕೊಂಡಂತೆ ಸದ್ದು. ಅಷ್ಟು ದೂರಕ್ಕೂ ಕೆನ್ನೆ ಕಾದಿತು. ಎಣ್ಣೆಯ ಜೊತೆ ಮೇಲೆ ಬರುವ ಗ್ಯಾಸನ್ನು ಹಾಗೇ ಬಿಟ್ಟರೆ ಅಪಾಯ, ಅದಕ್ಕೇ ಉರಿಸುತ್ತಾರೆ ಎಂದು ಮಾವ ವಿವರಿಸಿದರು.

“ಹಾಗಾದ್ರೆ ಜ್ವಾಲಾಮುಖಿ ಅಂತ ಯಾಕೆ ಬರ್ದದ್ದು ಮಾವ?”

“ತಮಾಷೆಗೆ ಮಾರಾಯ. ಎಲ್ಲದಕ್ಕೂ ಪುರಾವೆ ಕೇಳುವವ ನೀನು, ಇದಕ್ಕೆ ಯಾಕೆ ಕೇಳ್ಲಿಲ್ಲ?”

ಈ ಪೈಪಿನದ್ದೂ ಒಂದು ಫೋಟೊ ತೆಗಿ ಎಂದರು ಮಾವ. ನಾನು ಕ್ಯಾಮೆರಾ ಎತ್ತಲಿಲ್ಲ.

ಹಿಂತಿರುಗುವಾಗ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಚಹಾಕ್ಕೆ ನಿಂತು, ಅಲ್ಲೇ ಒಂದು ಸ್ಟುಡಿಯೋದಲ್ಲಿ ಅಪ್ಪ ರೀಲು ತೊಳೆಸಿದರು. ಮೂರೂ ಫೋಟೊ ಸೊಗಸಾಗಿ ಬಂದಿದ್ದವು.

“ಇದನ್ನೇ ತೋರ್ಸು,” ಎಂದಳು ಅಕ್ಕ. “ಪೈಪು ಯಾರಿಗೆ ಕಾಣ್ತದೆ? ಖಲಾಸ್.”

ಮೂರೂ ಫೋಟೊಗಳನ್ನು ಜೇಬಿಗೆ ಹಾಕಿಕೊಂಡೆ.

ಶನಿವಾರ ಫೋಟೊ ಕೈಯಿಂದ ಕೈಗೆ ಹೋಯಿತು. ನಕ್ಕಿದ್ದವರೇ ಚಪ್ಪಾಳೆ ತಟ್ಟಿದರು. ಮಿಸ್ ಬಹಳ ಹೊತ್ತು ನೋಡಿ, ನಿನ್ನದೇ ಸರಿ ಎಂದು ಒಪ್ಪಿಕೊಂಡರು. ಕುಳಿತೆ. ಕುಳಿತಿರಲು ಆಗಲಿಲ್ಲ. ಎದುರು ಪಕ್ಷದಲ್ಲಿ ನಾನಿದ್ದಿದ್ದರೆ, ಆ ದಿಬ್ಬದ ಆಚೆ ಏನಿದೆ ಎಂದು ಮೊದಲು ಕೇಳುತ್ತಿದ್ದೆ. ಇಡೀ ಕೋಣೆಯಲ್ಲಿ ಯಾರೂ ಅದನ್ನು ಕೇಳುತ್ತಿಲ್ಲ. ಮತ್ತೆ ಎದ್ದೆ.

“ಮಿಸ್, ಅದರ ಹಿಂದೆ ಪೈಪಿದೆ. ಅದು ಜ್ವಾಲಾಮುಖಿ ಅಲ್ಲ. ನಾನೇ ನೋಡಿದ್ದೇನೆ.”

ಮಿಸ್ ಆಡಿದ ಮಾತಿಗೆ ತಪ್ಪಲಿಲ್ಲ. ಸ್ಪರ್ಧೆಗೆ ನನ್ನ ಜಾಗದಲ್ಲಿ ಬೇರೊಬ್ಬ ಹೋದ.

ಇದನ್ನು ಕೇಳಿದರೆ, ಜುಮೇರಾ ಲೇಕ್ ಟವರ್ಸಿನ ಎತ್ತರದ ಮಹಡಿಯಲ್ಲಿ ಬೆಳೆಯುವ ನೀವು ಮೊಮ್ಮಕ್ಕಳು, ಫೋನಿನಲ್ಲಿ ನೋಡಿದ್ದರೆ ಆಗುತ್ತಿತ್ತಲ್ಲ ಅಜ್ಜ ಎನ್ನುತ್ತೀರಿ. ಫೋನಿದ್ದಿದ್ದರೆ ನೋಡುತ್ತಿದ್ದೆ. ನಮ್ಮ ಕಾಲವೇ ಒಳ್ಳೆಯದಿತ್ತೆಂದು ನಾನು ವಾದಿಸುವುದಿಲ್ಲ, ಆ ವಾದ ನಿಲ್ಲುವುದಿಲ್ಲ. ನನಗೆ ಎರಡು ದಿನ ಹಿಡಿದದ್ದು ನಿಮಗೆ ಎರಡು ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಗೊತ್ತಾದ ಮೇಲೆ, ತರಗತಿಯೆಲ್ಲ ನಿಮಗೇ ಚಪ್ಪಾಳೆ ತಟ್ಟುತ್ತಿರುವಾಗ, ಬೆಂಚಿನಿಂದ ಏಳಲು ಎಷ್ಟು ಹೊತ್ತು ಬೇಕು? ಅಷ್ಟರ ಮಟ್ಟಿಗೆ ನಿಮ್ಮ ಕಾಲವೂ ನಮ್ಮದರಷ್ಟೇ ನಿಧಾನ ಎಂದು ನನ್ನ ಅನುಮಾನ.