ಬರೆದದ್ದನ್ನೆಲ್ಲ ಅಳಿಸಿ ಹೋಗುತ್ತಿದ್ದವಳು

ಚಳ್ಳಕೆರೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ಕೋಣೆ ಒಂದು ಎಣ್ಣೆ ಮಿಲ್ಲಿನ ಹಿಂದಿತ್ತು. ಶೇಂಗಾ ಹೊಟ್ಟಿನ ಪುಡಿ ದಿನಾ ಬೆಳಗ್ಗೆ ಕೀಬೋರ್ಡುಗಳ ಮೇಲೆ ಕೂತಿರುತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಕಿರುಚಿಕೊಳ್ಳುತ್ತಿತ್ತು, ಜೊತೆಗೆ ನಾನೂ. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಮಕ್ಕಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುತ್ತಿದ್ದ ಹಿರಿಯರೊಬ್ಬರು ಬಂದು, ಒಬ್ಬ ಹೆಂಗಸಿಗೆ ಕನ್ನಡ ಟೈಪಿಂಗ್ ಕಲಿಸುತ್ತೀರಾ ಎಂದು ಕೇಳಿದರು. ಕಲಿಸುತ್ತೇನೆ ಎಂದೆ. ಕೋಣೆಯ ಮಾಲೀಕರು ಮುಖ ಸಿಂಡರಿಸಿ, ಮರ್ಯಾದಸ್ಥರ ಮಕ್ಕಳು ಬರುವ ಜಾಗ ಇದು ಎಂದರು. ಹಾಗಾದರೆ ಮರ್ಯಾದೆ ಎಂದರೇನು ಎಂದು ಅವರೂ ಒಂದಿಷ್ಟು ಕಲಿಯಲಿ ಬಿಡಿ ಎಂದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಆಕೆ ಕುರಿ ಸಾಕುವ ಮನೆಯವಳು. ವಯಸ್ಸು ಮೂವತ್ತರ ಆಸುಪಾಸು. ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿತ್ತು, ಆ ಬಡಿದಾಟದಲ್ಲಿ ತಾನೂ ಇದ್ದೆ ಎಂದು ಮೊದಲ ದಿನವೇ ಹೇಳಿದಳು. ಗಂಡ ಇನ್ನೂ ಒಳಗಿದ್ದ. ಓದುಬರಹ ಕಲಿತದ್ದೂ ಜೈಲಿನಲ್ಲೇ. ಪರಶುರಾಂಪುರದ ಕಡೆಯ ತವರೂರಿನಿಂದ ದಿನಾ ಬಸ್ಸಿನಲ್ಲಿ ಈರುಳ್ಳಿ ಚೀಲಗಳ ನಡುವೆ ನಿಂತು ಬರುತ್ತಿದ್ದಳು. ಆಕೆಗೊಬ್ಬ ಮಗಳಿದ್ದಳು. ಮೊಳಕಾಲ್ಮುರು ಹತ್ತಿರದ ಹಳ್ಳಿಯಲ್ಲಿ ಅತ್ತೆ ಆ ಹುಡುಗಿಯನ್ನು ಸಾಕುತ್ತಿದ್ದಳು. ಬೇಸಿಗೆ ರಜೆ ಮುಗಿಯುವುದರೊಳಗೆ ಈಕೆ ಒಂದು ಕೆಲಸಕ್ಕೆ ಸೇರಿ ನಿಲ್ಲದಿದ್ದರೆ ಹುಡುಗಿಯನ್ನು ರಾಯದುರ್ಗದ ನೆಂಟರ ಮನೆಗೆ ಕಳಿಸಿಬಿಡುತ್ತೇನೆ ಎಂದು ಅತ್ತೆ ಹೇಳಿ ಕಳಿಸಿದ್ದಳು. ಹಾಗೆ ಹೋದ ಹೆಣ್ಣುಮಕ್ಕಳಿಗೆ ಅಲ್ಲೇ ಮದುವೆಯೂ ಆಗಿಬಿಡುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಲಿಯುವುದರಲ್ಲಿ ಚುರುಕು. ಬೆರಳು ಗಟ್ಟಿ, ಕೀ ಒತ್ತಿದರೆ ಮೇಜೇ ಅಲುಗಾಡುತ್ತಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಒತ್ತಕ್ಷರಗಳೂ ಕೈಗೆ ಬಂದವು. ಧೈರ್ಯ ಮಾಡಿ ಹೊರಗಿನಿಂದ ಬಂದ ಒಂದು ಮದುವೆ ಪತ್ರಿಕೆಯನ್ನು ಆಕೆಗೆ ಕೊಟ್ಟೆ. ಸಂಜೆಯೊಳಗೆ ಚೆಂದವಾಗಿ ಮುಗಿಸಿದಳು. ಮರುದಿನ ಗಂಡಿನ ಕಡೆಯವರು ಬಂದು ನಿಂತಾಗ ನೋಡಿದರೆ ಕಂಪ್ಯೂಟರಿನಲ್ಲಿ ಪತ್ರಿಕೆಯೇ ಇಲ್ಲ. ಅದೊಂದೇ ಅಲ್ಲ, ಆಕೆ ಬಂದ ದಿನದಿಂದ ಬರೆದ ಒಂದು ಸಾಲೂ ಇಲ್ಲ. ಅಳಿಸಿದ್ದು ಹೋಗಿ ಬೀಳುವ ಕಂಪ್ಯೂಟರಿನ ಕಸದ ಬುಟ್ಟಿಯೂ ಖಾಲಿ.

ಗಂಡಿನ ಕಡೆಯವರನ್ನು ನಾಳೆ ಬನ್ನಿ ಎಂದು ಕಳಿಸಿ, ಆಕೆಗೆ ಚೆನ್ನಾಗಿ ಬೈದೆ. ಬೈದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ, ಕೆಲಸ ಕಲಿಯುವವರು ಬೈಸಿಕೊಳ್ಳಲೇಬೇಕು. ಆಕೆ ಗೋಡೆಗೆ ಬೆನ್ನು ಹಚ್ಚಿ ಎರಡೂ ಅಂಗೈ ತೆರೆದು ತೋರಿಸುತ್ತಾ ನಿಂತುಬಿಟ್ಟಳು. ಆ ನಿಲುವು ನೋಡಿ ನನ್ನ ಬಾಯಿ ತಾನಾಗಿ ಮುಚ್ಚಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು. ಜೈಲಿನ ಹೊಲಿಗೆ ಕೋಣೆಯಲ್ಲಿ ಸಂಜೆ ಏಳುವ ಮೊದಲು ಕತ್ತರಿ, ಸೂಜಿ, ದಾರದ ತುಂಡು ಎಲ್ಲ ವಾಪಸು ಕೊಟ್ಟು ಕೂತ ಜಾಗ ಖಾಲಿ ಮಾಡಬೇಕಿತ್ತಂತೆ. ತಪಾಸಣೆಯಲ್ಲಿ ಏನಾದರೂ ಸಿಕ್ಕರೆ ಮನೆಯವರ ಭೇಟಿ ರದ್ದು. ಒಮ್ಮೆ ರವಿಕೆ ಬಟ್ಟೆಯ ಚೂರೊಂದು ಸಿಕ್ಕಿ, ಅಷ್ಟು ದೂರ ಬಂದಿದ್ದ ಮಗಳನ್ನು ನೋಡಲು ಬಿಡದೆ ಹಾಗೇ ವಾಪಸು ಕಳಿಸಿದ್ದರಂತೆ. ಅಂದಿನಿಂದ ತನ್ನದೆನ್ನುವ ಗುರುತನ್ನು ಎಲ್ಲೂ ಬಿಡದಿರುವುದೇ ಆಕೆಗೆ ರೂಢಿಯಾಗಿತ್ತು.

“ನಾನ್ ಬರ್ದಿದ್ದು ನಿಮ್ ಮಿಷನ್ನಾಗೆ ಸಿಕ್ಕಿದ್ರೆ ನಿಮಗ್ ತೊಂದ್ರೆ ಅಲ್ವೇನ್ರಿ ಮೇಡಮ್ಮ? ಅದ್ಕೇ ದಿನಾ ಒರೆಸಿ ಹೋಗ್ತಿದ್ದೆ,” ಎಂದಳು.

ಇದನ್ನು ಯಾವ ಪಾಠದ ಪುಸ್ತಕದಲ್ಲಿ ಹುಡುಕಲಿ? ಅವತ್ತು ಬೇರೆ ಪಾಠವನ್ನೆಲ್ಲ ಬದಿಗಿಟ್ಟೆ. ಮಗಳ ಹೆಸರನ್ನು ಟೈಪ್ ಮಾಡಿಸಿ, ಉಳಿಸಿ, ಹಾಗೇ ಬಿಟ್ಟು ಮನೆಗೆ ಹೋಗು ಎಂದೆ. ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಕೈ ಹಿಡಿದು ಹೊರಗೆ ಬಿಟ್ಟು ಬೀಗ ಹಾಕಿದೆ. ಬೆಳಗ್ಗೆ ನಾನು ಬರುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಕಂಪ್ಯೂಟರ್ ತೆರೆದುಕೊಳ್ಳುವವರೆಗೂ ಸೆರಗಿನ ತುದಿ ಕಚ್ಚಿಕೊಂಡೇ ಇದ್ದಳು. ಹೆಸರು ಅಲ್ಲೇ ಇತ್ತು. ನಕ್ಕಳು, ಆಕೆಯ ನಗುವನ್ನು ನಾನು ನೋಡಿದ್ದು ಅದೇ ಮೊದಲು. ಮದುವೆ ಪತ್ರಿಕೆಯನ್ನು ಕೂತಲ್ಲಿಂದ ಏಳದೆ ಮತ್ತೆ ಮುಗಿಸಿಕೊಟ್ಟಳು. ಅಲ್ಲಿಂದಾಚೆಗೆ ತಪ್ಪಾದದ್ದು, ಅರ್ಧಕ್ಕೆ ನಿಂತದ್ದು ಎಲ್ಲವನ್ನೂ ಉಳಿಸತೊಡಗಿದಳು. ಅದಕ್ಕೂ ನಾನು ಬೈಯಬೇಕಾಯಿತು.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಅಂಗಡಿಯ ಪಕ್ಕ ಪರಿಚಯದವರೊಬ್ಬರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಏನೂ ಮುಚ್ಚಿಡದೆ ಎಲ್ಲ ಹೇಳಿ, ಒಂದು ವಾರ ನೋಡಿ ಎಂದೆ. ಅವರು ಜೈಲಿನ ವಿಷಯ ಗಿರಾಕಿಗಳಿಗೆ ಗೊತ್ತಾಗದಿದ್ದರೆ ಆಯಿತು ಎಂದು ಒಪ್ಪಿದರು. ಆಕೆ ಅಲ್ಲೇ ಒಂದು ಸಣ್ಣ ಕೋಣೆ ಹಿಡಿದಳು.

ಆ ವಾರದ ಕೊನೆಗೆ ಕನ್ನಡ ಫಾಂಟುಗಳ ಫ್ಲಾಪಿ ಕೊಡುವ ನೆಪ ಮಾಡಿಕೊಂಡು ನಾನೂ ಹೋದೆ. ಅಂಗಡಿಯ ಬೆಂಚಿನ ಮೇಲೆ ಎಲೆಯಡಿಕೆ ಜಗಿಯುತ್ತಾ ಒಬ್ಬ ಮುದುಕಿ ಕೂತಿದ್ದಳು. ಅವಳೇ ಅತ್ತೆ. ಸೊಸೆ ನಿಜಕ್ಕೂ ಕೆಲಸ ಮಾಡುತ್ತಾಳೋ ಇಲ್ಲವೋ ನೋಡಲು ಬೆಳಗಿನ ಬಸ್ಸಿಗೇ ಬಂದವಳು ಇನ್ನೂ ಎದ್ದಿರಲಿಲ್ಲವಂತೆ. ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಅರ್ಜಿ ಬರೆಸಲು ಬಂದರು. ಆಕೆಯನ್ನು ದಿಟ್ಟಿಸಿ ನೋಡಿ, ನೀನು ಜೈಲಿನಾಗಿದ್ದೋಳಲ್ವೇನವ್ವ ಎಂದು ಎಲ್ಲರೆದುರೇ ಕೇಳಿಬಿಟ್ಟರು. ಅಂಗಡಿ ಮಾಲೀಕರ ಮುಖ ಕಪ್ಪಿಟ್ಟಿತು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು, ಆದರೆ ಅದು ನಾನು ಕೊಡಬೇಕಾದ ಉತ್ತರವಲ್ಲ ಎಂದು ಸುಮ್ಮನಾದೆ.

“ಹೂನ್ರಿ, ಇದ್ದೆ,” ಎಂದಳು ಆಕೆ. “ಅರ್ಜಿ ಯಾರಿಗ್ ಬರೀಬೇಕು ಹೇಳ್ರಿ.”

ಹಿರಿಯರು ಕಂಬಳಿ ಸರಿಮಾಡಿಕೊಂಡು ಕೂತು, ಪಿಂಚಣಿ ನಿಂತುಹೋದ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಆಕೆ ಬೇಕಾದಷ್ಟನ್ನೇ ಆರಿಸಿ ಟೈಪ್ ಮಾಡುತ್ತಾ ಹೋದಳು. ಮಾಲೀಕರು ಜೆರಾಕ್ಸ್ ಮಿಷನ್ನಿಗೆ ಕಾಗದ ತುಂಬಿದರು.

ಅತ್ತೆ ಹೊರಗೆ ಉಗಿದು ಬಂದು ಸೊಸೆಯ ಮೇಜಿನ ಮುಂದೆ ನಿಂತಳು. ತೆಲುಗಿನಲ್ಲಿ ತನ್ನಷ್ಟಕ್ಕೇ ಏನೋ ಗೊಣಗಿಕೊಂಡು, ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು: “ನಾಳೆ ಹುಡುಗೀನ ಕರ್ಕೊಂಡ್ ಬರ್ತೀನಿ. ಇಲ್ಲೇ ಸ್ಕೂಲಿಗ್ ಸೇರ್ಸು. ರಾತ್ರಿ ಹೊದಿಯಾಕೆ ಏನೈತೆ ನಿನ್ ತಾವ?”

ಆಕೆ ಕೆಲಸ ಅರ್ಧಕ್ಕೇ ಬಿಟ್ಟು ಎದ್ದಳು. ಯಾರ ಅಪ್ಪಣೆಗೂ ಕಾಯಲಿಲ್ಲ. ಅತ್ತೆಯ ಕೈಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ಹಿರಿಯರ ಅರ್ಜಿಯ ಉಳಿದ ಸಾಲುಗಳಿಗೆ ನಾನು ಕೂತೆ, ಆದರೆ ಕಣ್ಣು ತುಂಬಿ ಪರದೆಯೇ ಕಾಣದೆ ಏನೇನೋ ಟೈಪಾಯಿತು. ಅತ್ತೆಯನ್ನು ಬಸ್ಸು ಹತ್ತಿಸಿ ಬಂದವಳು ಹಿಂದೆ ನಿಂತು ಅದನ್ನು ಓದಿ, “ಏಳ್ರಿ ಮೇಡಮ್ಮ, ಅದು ನನ್ ಕುರ್ಚಿ,” ಎಂದಳು.