ಅಜ್ಜಿಯ ಪಟ ಬರೆದ ಪೋಲೆಂಡಿನ ಯಾನೆಕ್

ಎಲ್ಲಾದರೂ ಅಗಸಿ ಹುರಿಯುವ ವಾಸನೆ ಬಂದರೆ ಉಳಿದವರಿಗೆ ಚಟ್ನಿಪುಡಿ, ಬಿಸಿ ರೊಟ್ಟಿ ನೆನಪಾಗುತ್ತವೆ. ನನಗೆ ಪೋಲೆಂಡ್ ದೇಶ ನೆನಪಾಗುತ್ತದೆ. ನಗಬೇಡಿ. ದೇವದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದ ಯಾನೆಕ್ ಬಣ್ಣಕ್ಕೆ ಅಗಸಿ ಎಣ್ಣೆಯನ್ನೇ ಕಲಸುತ್ತಿದ್ದ. ತಿನ್ನುವುದನ್ನು ಬಟ್ಟೆಗೆ ಬಳಿಯುವ ಇವನಿಗೆ ಹೆತ್ತವ್ವ ಬುದ್ಧಿ ಹೇಳಿಲ್ಲವೇ ಎಂದು ಅಜ್ಜಿ ದಿನವೂ ಗೊಣಗುತ್ತಿದ್ದಳು, ಗೊಣಗುತ್ತಲೇ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ತನ್ನ ದೇಶದಲ್ಲಿ ಅವನು ಮೇಯರು, ಪಾದ್ರಿ, ಜಡ್ಜುಗಳ ಮುಖ ಬರೆದು ಹೆಸರು ಮಾಡಿದವನಂತೆ. ಮೂಗು ಚೂಪು ಮಾಡು, ಹೊಟ್ಟೆ ಸಣ್ಣ ಮಾಡು ಎನ್ನುವ ಅವರ ಕಾಟಕ್ಕೆ ಬೇಸತ್ತು, ತಿರುಗುತ್ತ ತಿರುಗುತ್ತ ಪಕ್ಕದ ಗೂಗಲ್ ಊರಿನ ಹೊಳೆ ನೋಡಲು ಬಂದವನು ನಮ್ಮಲ್ಲೇ ಉಳಿದುಬಿಟ್ಟ. ಕನ್ನಡ ಕಲಿತದ್ದು ಅಜ್ಜಿಯಿಂದ, ಹಾಗಾಗಿ ಅವನಿಗೆ ಮೊದಲು ಬಂದದ್ದು ಬೈಗುಳ.

ಅವನಿಗೆ ಅಜ್ಜಿಯ ಮುಖದ ಹುಚ್ಚು. ಅಜ್ಜಿ ಸುತರಾಂ ಒಲ್ಲೆ ಎಂದಳು. ನಮ್ಮ ಕಡೆ ಪಟವಾಗಿ ಗೋಡೆ ಏರುವವರು ಸತ್ತವರು ಮಾತ್ರ. ಬದುಕಿದ್ದಾಗಲೇ ಏರಿದರೆ ಯಮನನ್ನು ಕೂಗಿ ಕರೆದಂತೆ. ಅಷ್ಟರಲ್ಲಿ ಮಾನ್ವಿಯಲ್ಲಿದ್ದ ಅವಳ ಅಕ್ಕ ತೀರಿಕೊಂಡಳು. ಮಕ್ಕಳು ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಪಾಪ, ಆಕೆ ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಮನೆಗೆ ಮರಳಿದ ಅಜ್ಜಿ ಇಳಕಲ್ ಸೀರೆ ಉಟ್ಟು ಯಾನೆಕ್‌ನ ಮುಂದೆ ಕೂತಳು.

"ಬರಿಯಪ್ಪಾ. ಆದ್ರ ನಾ ಸಾಯೂತನಕ ಅದಕ್ಕ ಒಂದ್ ಹೂವಾನೂ ಮುಟ್ಟಿಸಬ್ಯಾಡ," ಎಂದು ಆಣೆ ಮಾಡಿಸಿಕೊಂಡಳು.

ಮುಗಿದ ಪಟವನ್ನು ಯಾನೆಕ್ ಒಣಗಲೆಂದು ಬೀದಿಗೆ ಕಾಣುವಂತೆ ಪಡಸಾಲೆಯ ಗೋಡೆಗೆ ತೂಗುಹಾಕಿದ. ಸಂತೆಗೆ ಬಂದ ಯಾರೋ ನೋಡಿ ಸುದ್ದಿ ಮುಟ್ಟಿಸಿದರು. ಸಂಜೆಯೊಳಗೆ ಹಿರೇಕೊಟ್ನೆಕಲ್ಲಿನ ಬೀಗರು ಟಂಟಂ ಆಟೊ ತುಂಬ ಅಳುತ್ತ ಬಂದಿಳಿದರು. ಒಳಗಿನಿಂದ ಬಂದ ಅಜ್ಜಿ, ಅಳುವುದು ಮುಗಿದಿದ್ದರೆ ಚಹಾ ಕುಡಿಯಿರಿ ಎಂದಳು. ಬೀಗತಿಯೊಬ್ಬಳು ಶುರುಮಾಡಿದ್ದನ್ನು ನಡುವೆ ಬಿಡಲಾಗದೆ ಇನ್ನಷ್ಟು ಅತ್ತೇ ಕಪ್ಪು ಹಿಡಿದಳು. ಪಟ ಅಂದೇ ಅಟ್ಟ ಸೇರಿತು.

ಮರುವರ್ಷ ತಂಗಿಯನ್ನು ನೋಡಿಬರಲು ತನ್ನೂರಿಗೆ ಹೋದ ಯಾನೆಕ್ ಮರಳಲಿಲ್ಲ. ಮಲಗಿದಲ್ಲೇ ಹೋದನೆಂದು ಆ ತಂಗಿ ಫೋನ್ ಮಾಡಿದಳು. ಅವನ ಪಟಕ್ಕೆ ಹೂವೇರಿಸಬೇಕೆಂದು ಅಜ್ಜಿ ಹಟ ಹಿಡಿದಳು. ಮನೆಯ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದೆವು. ಕ್ಯಾಮೆರಾ ಕಂಡರೆ ಓಡುತ್ತಿದ್ದ ಅವನದು ಒಂದು ಮೊಣಕೈ ಮಾತ್ರ ಸಿಕ್ಕಿತು. ತಂಗಿಯಿಂದ ಫೋಟೊ ತರಿಸೋಣ ಎಂದ ಅಪ್ಪ. ಅಜ್ಜಿ ಕೇಳಲಿಲ್ಲ. ಅಟ್ಟದಿಂದ ತನ್ನ ಪಟವನ್ನೇ ಇಳಿಸಿ, ಸೆರಗಿನಿಂದ ಒರೆಸಿ, ಎದುರಿಗೆ ದೀಪ ಹಚ್ಚಿ ಮಲ್ಲಿಗೆ ಹಾರ ಕೈಗೆತ್ತಿಕೊಂಡಳು. ಅವ್ವ ಹೆದರಿ ಓಡಿಬಂದು ಅವಳ ಕೈ ಹಿಡಿದಳು.

"ಬಿಡ ಬೇ," ಎಂದಳು ಅಜ್ಜಿ. "ಪಟದಾಗಿನ ಮಾರಿ ನಂದಿರಬಹುದು. ಬರದ ಕೈ ಅವಂದದ."

ಆಮೇಲೆ ತನ್ನ ಪಟಕ್ಕೆ ತಾನೇ ಹಾರ ಹಾಕಿ, ಅದರ ಮುಂದೆ ಕೂತು ಅವನ ಹೆಸರು ಹಿಡಿದು ಅತ್ತಳು.